ಗಾಳಕ್ಕೆ ತಂದ ತಂಬಿಟ್ಟು

ಡಬ್ಬಿಯ ಮುಚ್ಚಳ ತೆಗೆದ ಮಲ್ಲಿಕಾರ್ಜುನಯ್ಯನವರು ಒಳಗೊಮ್ಮೆ ನೋಡಿ, ತೆಗೆದಷ್ಟೇ ಬೇಗ ಮುಚ್ಚಿಬಿಟ್ಟರು. ಅಷ್ಟರಲ್ಲಿ ಬೀಗರ ಕಣ್ಣಿಗೆ ಬಿದ್ದಾಗಿತ್ತು.

"ಎಂಥದು ಮಾರಾಯ್ರೆ ಅದು? ತೆಗೀರಿ ತೆಗೀರಿ, ನೋಡುವ."

ಚಂದ್ರಮೋಹನರು ಕುರ್ಚಿಯಿಂದಲೇ ಬಗ್ಗಿ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡು ಮುಚ್ಚಳ ತೆಗೆದರು. ಸ್ಟೀಲಿನ ಡಬ್ಬಿಯ ತುಂಬ ತಂಬಿಟ್ಟಿನ ಉಂಡೆಗಳು ಒತ್ತೊತ್ತಾಗಿ ಕೂತಿದ್ದವು. ಅವುಗಳ ಮೇಲೊಂದು ಬಿಲ್ವದ ಎಲೆ. ಎಲೆಯ ಪಕ್ಕದಲ್ಲಿ ಕಾಗದದ ಚೂರಿನಲ್ಲಿ ಮಡಿಸಿಟ್ಟ ವಿಭೂತಿ.

"ಗಾಳಕ್ಕೆ ಎರೆ ತನ್ನಿ ಅಂದ್ರೆ ಪೂಜೆ ಮಾಡಿಸ್ಕೊಂಡೇ ಬಂದಿದ್ದೀರಲ್ಲ ಬೀಗರೇ! ಇನ್ನು ಮೀನು ಕೈಲಾಸದಿಂದಲೇ ಇಳಿದು ಬರ್ಬೇಕು."

ಮಲ್ಲಿಕಾರ್ಜುನಯ್ಯನವರಿಗೆ ನಗು ಬರಲಿಲ್ಲ. ಉಣ್ಣೆಯ ಟೊಪ್ಪಿಗೆಯೊಳಗೆ ಕಿವಿ ಬಿಸಿಯಾಯಿತು. ಎದುರಿಗೆ ಕೆರೆಯ ನೀರು ಮಂಜಿನ ಕೆಳಗೆ ಅಲುಗಾಡದೆ ಮಲಗಿತ್ತು. ಅದನ್ನು ಕೆರೆಯೆನ್ನುವುದೂ ದೊಡ್ಡ ಮಾತೇ. ದೆಹಲಿಯಿಂದ ಹೊರಟು ಸೊಹ್ನಾ ಊರು ದಾಟಿ ಒಳದಾರಿಯಲ್ಲಿ ಹೋದರೆ, ಅರಾವಳಿಯ ಕುರುಚಲು ಗುಡ್ಡಗಳ ಬುಡದಲ್ಲಿ ಒಬ್ಬ ಜಮೀನ್ದಾರ ತೋಡಿಸಿ, ಮೀನು ಬಿಟ್ಟು, ಗಾಳದ ಶೋಕಿಯವರಿಗೆಂದು ಇಟ್ಟ ಹೊಂಡ ಅದು. ಸುತ್ತ ಸಾಸಿವೆ ಹೊಲ ಹಳದಿಗೆ ತಿರುಗಿತ್ತು. ದೆಹಲಿಯ ಜನ ಚಳಿ ಹೋಯಿತೆಂದು ರಜಾಯಿಗಳನ್ನು ಬಿಸಿಲಿಗೆ ಹಾಕಿ ಮಡಿಸಿಡುತ್ತಿದ್ದರು. ಆದರೆ ನೀರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಈಗಷ್ಟೇ ಕೈ ತೊಳೆಯಲೆಂದು ಅದ್ದಿದ ಬೆರಳುಗಳು ಇನ್ನೂ ಮರಗಟ್ಟಿದ್ದವು.

ತಪ್ಪು ಅವರದ್ದೇ. ಹೋದ ವಾರ ಬೀಗರು ಫೋನು ಮಾಡಿ, "ಶಿವರಾತ್ರಿಯ ಮಾರನೇ ದಿನ ನನ್ನ ಜೊತೆ ಬನ್ನಿ ಬೀಗರೇ, ಸುಮ್ಮನೆ ಕೂತು ಬರುವ," ಎಂದಿದ್ದರು. "ಬರುವಾಗ ಹುರಿಗಡಲೆ ಹಿಟ್ಟಿಗೆ ಬೆಲ್ಲ, ತುಪ್ಪ, ಏಲಕ್ಕಿ ಹಾಕಿ ನಾಲ್ಕು ಉಂಡೆ ಕಟ್ಟಿಸಿ ತನ್ನಿ. ಚಳಿನೀರಿನ ಮೀನಿಗೆ ಹಸಿವು ಕಡಿಮೆ. ಪರಿಮಳ ಇದ್ರೇ ಬಾಯಿ ತೆಗೆಯುದು. ನಮ್ಮ ಮನೆಯಲ್ಲಿ ಈಗ ಅದೆಲ್ಲ ಕಟ್ಟುವವರು ಯಾರಿದ್ದಾರೆ, ಹೇಳಿ?"

ಚಂದ್ರಮೋಹನರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಸೊಸೆ, ಅಂದರೆ ಮಗ ವರುಣನ ಹೆಂಡತಿ ಗಗನಾ, ಸಂಕ್ರಾಂತಿಗೆಂದು ತವರಿಗೆ ಹೋದವಳು ದೆಹಲಿಯ ವಸಂತ್ ಕುಂಜಿನ ಆ ಮನೆಗೆ ಇನ್ನೂ ಮರಳಿರಲಿಲ್ಲ. ಆ ತವರು ಎಂದರೆ ಅದೇ ಊರಿನ ಜನಕಪುರಿಯಲ್ಲಿದ್ದ ಮಲ್ಲಿಕಾರ್ಜುನಯ್ಯನವರ ಮನೆ.

ಮೀನಿನ ಎರೆಗೆ ಎಂದು ವಸಂತಿಯ ಅಡಿಗೆಮನೆಯಲ್ಲಿ ಬಾಯಿಬಿಟ್ಟು ಹೇಳುವುದುಂಟೇ? ಮೊಟ್ಟೆಯ ಚಿತ್ರವಿದ್ದ ಬಿಸ್ಕತ್ತಿನ ಪೊಟ್ಟಣವನ್ನೂ ಒಳಗೆ ಬಿಡದ ಅಡಿಗೆಮನೆ ಅದು. "ಬೀಗರಿಗೆ ತಂಬಿಟ್ಟು ತಿನ್ನಬೇಕು ಅಂತ ಆಸೆಯಾಗಿದೆಯಂತೆ," ಎಂದು ಹೆಂಡತಿಗೆ ಹೇಳಿದ್ದರು. "ಪಾಪ, ಯಾರಿದಾರೆ ಅವರಿಗೆ ಮಾಡಿಕೊಡೋಕೆ," ಎಂದು ವಸಂತಿ ಒಪ್ಪಿದ್ದೂ ಆಯಿತು. ಶಿವರಾತ್ರಿಯ ದಿನ ಆ ಮನೆಯಲ್ಲಿ ಹುರಿದದ್ದು, ಕಟ್ಟಿದ್ದು ಯಾವುದೂ ಶಿವನಿಗೆ ತೋರಿಸದೆ ಹೊಸ್ತಿಲು ದಾಟುವುದಿಲ್ಲ. ಹುಟ್ಟಿದಾರಭ್ಯ ಆ ಪದ್ಧತಿಯಲ್ಲೇ ಉಂಡು ಬೆಳೆದವರಿಗೆ ಇಷ್ಟು ಹೊಳೆಯಬೇಡವೇ? ಹೊಳೆದಿರಲಿಲ್ಲ.

"ನೈವೇದ್ಯ ಆಗಿಬಿಟ್ಟಿದೆ ಬೀಗರೇ," ಎಂದರು ಮಲ್ಲಿಕಾರ್ಜುನಯ್ಯ. "ಇದನ್ನ ಗಾಳಕ್ಕೆ ಹ್ಯಾಗೆ ಚುಚ್ಚೋದು?"

"ಮೀನಿಗೂ ಪ್ರಸಾದ ಸಿಕ್ಕಿದ ಹಾಗಾಯ್ತಲ್ಲ?"

"ಕೊಟ್ಟರೆ ಪ್ರಸಾದ. ಕೊಟ್ಟು ಚುಚ್ಚಿದರೆ?"

ಚಂದ್ರಮೋಹನರು ಒಂದು ಕ್ಷಣ ಅವರ ಮುಖ ನೋಡಿದರು. ಕಸ್ಟಮ್ಸ್ ಇಲಾಖೆಯಲ್ಲಿ ಇದ್ದಷ್ಟು ಕಾಲವೂ ಜನರ ಪೆಟ್ಟಿಗೆ ಬಿಚ್ಚಿಸಿದ ಮನುಷ್ಯ. ಆದರೂ ಈ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಮುಚ್ಚಳ ಹಾಕಿ, ಚಪ್ಪಲಿ ತಾಗದ ಹಾಗೆ ಕಲ್ಲೊಂದರ ಮೇಲೆ ಇಟ್ಟರು. "ಸರಿ ಬಿಡಿ. ದೇವರ ತಂಟೆ ನಮಗೆ ಬೇಡ. ನಮ್ಮದು ಗೋಧಿಹಿಟ್ಟು, ಇಂಗು."

ಕಾರಿನಿಂದ ಹಿಟ್ಟಿನ ಪೊಟ್ಟಣ ತಂದು, ಕೆರೆಯ ನೀರನ್ನೇ ಚಿಮುಕಿಸಿ, ಇಂಗು ಬೆರೆಸಿ ಕಲಸಿದರು. ಗೋಲಿಯಷ್ಟು ದೊಡ್ಡ ಉಂಡೆ ಮಾಡಿ ಗಾಳದ ಮೊನೆಯೂ ಕಾಣದಂತೆ ಮುಚ್ಚಿ, ತೋಳು ಬೀಸಿ ಎಸೆದರು. ದಾರ ಮಂಜಿನೊಳಗೆ ಸುಯ್ಯೆಂದು ಹೋಗಿ ಎಲ್ಲೋ ದೂರದಲ್ಲಿ ಟಪ್ ಎಂದಿತು. ಆ ಕೋಲನ್ನು ತಾವಿಟ್ಟುಕೊಂಡು, ಇನ್ನೊಂದನ್ನೂ ಹಾಗೇ ಬೀಸಿ ಬೀಗರ ಕೈಗೆ ಕೊಟ್ಟರು.

"ನನಗ್ಯಾಕೆ? ನಾನು ಸುಮ್ಮನೆ ಕೂತಿರ್ತೀನಿ ಅಂದಿದ್ದೆನಲ್ಲ."

"ಸುಮ್ಮನೆ ಕೂರುದೇ ಇದು. ಹಿಡಿದದ್ದನ್ನು ನಾನು ತಿನ್ನುದಿಲ್ಲ, ನಿಮಗೆ ಗೊತ್ತುಂಟಲ್ಲ? ತಿನ್ನುವ ಮೀನು ಐಎನ್‌ಎ ಮಾರ್ಕೆಟ್ಟಿನಲ್ಲಿ ಸಿಗ್ತದೆ. ಇಲ್ಲಿ ಹಿಡಿದದ್ದು ಇಲ್ಲಿಗೇ ವಾಪಸ್. ಗಾಳದ ಹಿಮ್ಮುಳ್ಳನ್ನೂ ಅರದಲ್ಲಿ ತಿಕ್ಕಿ ತೆಗ್ದಿದ್ದೇನೆ, ಬಾಯಿ ಹರಿಯಬಾರದು ಅಂತ. ನಿಮ್ಮ ಶಿವನಿಗೆ ನಾನು ಉತ್ತರ ಹೇಳ್ತೇನೆ, ಹಿಡೀರಿ."

ಹಿಡಿದರು. ಸ್ವೆಟರಿನೊಳಗೆ ಎದೆಗೆ ತಾಗಿಕೊಂಡಿದ್ದ ಇಷ್ಟಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು ಹಿಡಿದರು. ಕೋಲು ಅವರೆಣಿಸಿದ್ದಕ್ಕಿಂತ ಹಗುರವಾಗಿತ್ತು. ಭಾರವಾಗಿದ್ದದ್ದು ಬೇರೆ. ಅವರು ಇಲ್ಲಿಗೆ ಬಂದದ್ದು ಮೀನಿಗಲ್ಲ, ಒಂದು ಮಾತು ಹೇಳುವುದಕ್ಕೆ.

ಆ ಮಾತನ್ನು ಕೊಟ್ಟವಳು ಗಗನಾ. ಫೋನು ಬಂದ ಸಂಜೆ ಅವಳು ಬಾಲ್ಕನಿಯ ಬಾಗಿಲಿಗೆ ಒರಗಿ ನಿಂತು ಹೇಳಿದ್ದಳು: "ಅಪ್ಪ, ನೀವು ಮಾವನ ಜೊತೆ ಹೋಗ್ತಿದೀರಲ್ಲ, ಆವಾಗ ಹೇಳ್ಬಿಡಿ. ನಾನು ವಾಪಸ್ ಬರಲ್ಲ ಅಂತ. ಬಸ್, ಇಷ್ಟೇ. ಎಕ್ಸ್‌ಪ್ಲೇನ್ ಏನೂ ಮಾಡ್ಬೇಡಿ."

"ವರುಣನಿಗೆ ನೀನೇ ಹೇಳಬಹುದಲ್ಲಮ್ಮ."

"ನಾನು ಹೇಳಿದ್ರೆ ಅವನು ಓಕೆ ಅಂತಾನೆ. ಏನು ಹೇಳಿದ್ರೂ ಓಕೆ. ಆ ಓಕೆ ನಂಗೆ ಮತ್ತೆ ಕೇಳಕ್ಕಾಗಲ್ಲ ಅಪ್ಪ. ಸಚ್ ಮೇ."

ದೀಪಾವಳಿಯ ಹೊತ್ತಿಗೆ ಅವಳಿಗೆ ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ನೋವೆಂದು ಆಸ್ಪತ್ರೆಗೆ ಹೋದವಳು ಖಾಲಿ ಮಡಿಲಿನಲ್ಲಿ ಮನೆಗೆ ಬಂದಳು. ಬಂದು ನೋಡಿದರೆ, ಬಾಲ್ಕನಿಯ ಪಕ್ಕದ ಸಣ್ಣ ಕೋಣೆಯೂ ಖಾಲಿ. ತೊಟ್ಟಿಲಿಲ್ಲ, ಮೋಡದ ಚಿತ್ರದ ಪರದೆಯಿಲ್ಲ, ವಸಂತಿ ಹಳೆಯ ಮೆತ್ತನೆ ಸೀರೆಯಲ್ಲಿ ಹೊಲಿದ ಕುಲಾವಿಗಳಿಲ್ಲ. ಗೋಡೆಗೆ ಮೊದಲಿನ ಹಾಗೆ ಬಿಳಿ ಸುಣ್ಣ. ಅವಳು ಆಸ್ಪತ್ರೆಯಲ್ಲಿದ್ದಾಗ ವರುಣ ಒಬ್ಬನೇ ನಿಂತು ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದ. "ನೀನು ನೋಡಬಾರದು ಅಂತ," ಎಂದನಂತೆ. ಅದಾದ ಮೇಲೆ ಆ ವಿಷಯಕ್ಕೆ ಅವನು ಬಾಯಿ ತೆರೆದದ್ದೇ ಇಲ್ಲ. ಬೆಳಿಗ್ಗೆ ಗುರುಗ್ರಾಮದ ಆಫೀಸಿಗೆ ಹೋಗುವುದು, ಸಂಜೆ ಬರುವುದು, ಕೇಳಿದ್ದಕ್ಕೆ ಓಕೆ. ಸಂಕ್ರಾಂತಿಯ ದಿನ ಗಗನಾ ಒಂದು ಸೂಟ್‌ಕೇಸಿನೊಂದಿಗೆ ಜನಕಪುರಿಯ ಬಾಗಿಲಲ್ಲಿ ನಿಂತು, "ಎಳ್ಳು ಬೀರಕ್ಕೆ ಬಂದೆ ಅಮ್ಮ," ಎಂದು ನಕ್ಕಿದ್ದಳು. ಎಳ್ಳು ಬೀರಲು ಸೂಟ್‌ಕೇಸು ಯಾಕೆ ಎಂದು ಯಾರೂ ಕೇಳಲಿಲ್ಲ.

ಎಳ್ಳೆಂದರೆ ಆ ಮನೆಯಲ್ಲಿ ಒಂದು ಹಳೆಯ ನಗೆಯಿತ್ತು. ಮದುವೆಯಾದ ಮೊದಲ ಸಂಕ್ರಾಂತಿಗೆ ಅಳಿಯ ಬಂದಿದ್ದ. ವಸಂತಿ ಕೊಟ್ಟ ಎಳ್ಳು ಬೆಲ್ಲವನ್ನು, ಎಳ್ಳು ತನಗೆ ಒಗ್ಗದೆನ್ನಲು ನಾಚಿಕೆಯಾಗಿ, ಬೊಗಸೆ ತುಂಬ ತಿಂದ. ಗಳಿಗೆಯೊಳಗೆ ತುಟಿ ಎರಡೂ ಬೋಂಡದ ಹಾಗೆ ಊದಿಕೊಂಡು, ಎಲ್ಲರೂ ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದ್ದರು. "ಒಂದು ಮಾತು ಹೇಳಬಾರದೇನೋ ವರುಣ?" ಎಂದು ವಸಂತಿ ಅಳುವ ಹಾಗಾದರೆ, ಅವನು ಊದಿದ ತುಟಿಯಲ್ಲೇ, "ಚೆನ್ನಾಗಿತ್ತು ಅತ್ತೆ," ಎಂದಿದ್ದ. ಗಗನಾ ದಾರಿಯುದ್ದಕ್ಕೂ ಅವನ ಮುಖ ನೋಡುವುದು, ನಗುವುದು, ಕಣ್ಣೊರೆಸಿಕೊಳ್ಳುವುದು. ಆ ನಗು ಕೇಳಿದ ದಿನವೇ ಮಲ್ಲಿಕಾರ್ಜುನಯ್ಯನವರ ಮನಸ್ಸಿನಲ್ಲಿ ಆ ಮದುವೆ ನಿಜವಾಗಿ ನಡೆದದ್ದು. ಅದಕ್ಕೂ ಮೊದಲು, ಮೀನು ತಿನ್ನುವ ಮನೆ, ಬೇರೆ ಜನ, ಬೇರೆ ಸೀಮೆ ಎಂದು ಅವರು ಮಗಳ ಜೊತೆ ಮಾತು ಬಿಟ್ಟಿದ್ದೂ ಉಂಟು.

ಈಗ ಅದೇ ಮದುವೆಯನ್ನು ಬಿಚ್ಚುವ ಮಾತು ಅವರ ನಾಲಗೆಯ ಮೇಲೆ ಕೂತಿತ್ತು. ಕಾರು ಧೌಲಾ ಕುವಾಂ ದಾಟುವಾಗ ಹೇಳಬೇಕೆಂದುಕೊಂಡರು. ಬೀಗರು ಟ್ರಕ್ಕಿನವನನ್ನು ಬೈಯುತ್ತಿದ್ದರು. ಸೊಹ್ನಾದಲ್ಲಿ ಚಹಾಕ್ಕೆ ನಿಂತಾಗ ಹೇಳಬೇಕೆಂದುಕೊಂಡರು. "ನಿಮ್ಮದು ಉಪವಾಸ ಅಲ್ವಾ? ಚಾ ಕುಡಿಯಬಹುದಾ?" ಎಂದು ಬೀಗರು ಎಷ್ಟು ಅಕ್ಕರೆಯಿಂದ ಕೇಳಿದರೆಂದರೆ, ಬಂದ ಮಾತು ಹಿಂದಕ್ಕೆ ಹೋಯಿತು.

"ಬೆಂಡನ್ನು ನೋಡ್ತಾ ಕೂತ್ರೆ ಆಗುದಿಲ್ಲ," ಎಂದರು ಚಂದ್ರಮೋಹನರು ಈಗ, ದನಿ ತಗ್ಗಿಸಿ, ನೀರಿಗೆ ಕೇಳಿಸೀತೆಂಬಂತೆ. "ಬೇಸಿಗೆಯಲ್ಲಾದ್ರೆ ಮೀನು ಕಚ್ಚಿ ಓಡ್ತದೆ, ಬೆಂಡು ಗುಳುಂಕ್ ಅಂತ ಮುಳುಗ್ತದೆ, ಮಕ್ಕಳಿಗೂ ಗೊತ್ತಾಗ್ತದೆ. ಈ ಚಳಿಯಲ್ಲಿ ಹಾಗಲ್ಲ. ಅಡಿಯಲ್ಲಿ ಮಲಗಿರ್ತದೆ. ಎರೆ ಬಾಯಿಗೆ ತಗೊಂಡು ಸುಮ್ಮನೆ ಇರ್ತದೆ, ತಿನ್ಲಾ ಬೇಡ್ವಾ ಅಂತ. ದಾರದ ಮೇಲೆ ಬೆರಳಿಡಿ. ಹೀಗೆ, ಮೆಲ್ಲ. ಬೆರಳಿಗೇ ಗೊತ್ತಾಗ್ಬೇಕು."

ಮಲ್ಲಿಕಾರ್ಜುನಯ್ಯ ತೋರುಬೆರಳನ್ನು ದಾರದ ಮೇಲಿಟ್ಟರು. ಒದ್ದೆಯಾದ, ಕೂದಲಿನಷ್ಟು ತೆಳುವಾದ ದಾರ. ಬೇರೆ ಏನೂ ಇಲ್ಲ. ಆದರೂ ಹಾಗೆ ಬೆರಳಿಟ್ಟು ಕಾಯುವುದು ಅವರಿಗೆ ಹೊಸದೆನಿಸಲಿಲ್ಲ. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಅವರ ಅಜ್ಜ ಚಾವಡಿಯಲ್ಲಿ ಕೂತು ಕಾವ್ಯ ವಾಚನ ಮಾಡುತ್ತಿದ್ದರು. ಹುಡುಗನಿಗೆ ಪದಗಳ ಅರ್ಥ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಒಂದು ಪದ್ಯ ಮುಗಿದು ಮುಂದಿನದು ಶುರುವಾಗುವ ಮೊದಲು ಅಜ್ಜ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. ಆ ಉಸಿರು ಕೇಳಿದರೆ ಸಾಕು, ಬರುವುದು ಯುದ್ಧವೋ ಅಳುವೋ ಎಂಬುದು ಹುಡುಗನಿಗೆ ಗೊತ್ತಾಗುತ್ತಿತ್ತು. ಅಳುವಾದರೆ ಅವನು ಮೊದಲೇ ಕಂಬ ತಬ್ಬಿಕೊಳ್ಳುತ್ತಿದ್ದ. ಕೇಳುವುದೊಂದು ತಮಗೆ ಚೆನ್ನಾಗಿ ಬರುತ್ತದೆ ಎಂದು ಆಗಿನಿಂದ ಅಂದುಕೊಂಡಿದ್ದವರು. ಹೇಳುವುದು ಮಾತ್ರ ಯಾವತ್ತೂ ಕಲಿತಿರಲಿಲ್ಲ.

ಬಹಳ ಹೊತ್ತು ಏನೂ ಕಚ್ಚಲಿಲ್ಲ. ಮಂಜು ಎದ್ದು ಗುಡ್ಡದ ಕಡೆ ಸರಿಯಿತು. ಎರಡು ಬಾತುಗಳು ಬಂದಿಳಿದು, ಇವರಿಬ್ಬರನ್ನು ನೋಡಿ, ಮನಸ್ಸಿಗೆ ಬಾರದೆ ಮತ್ತೆ ಎದ್ದು ಹೋದವು.

"ವರುಣ ಹ್ಯಾಗಿದಾನೆ?" ಎಂದು ಕೇಳಿದರು ಮಲ್ಲಿಕಾರ್ಜುನಯ್ಯ. ಅದು ಅವರು ಹೇಳಬೇಕೆಂದಿದ್ದ ಮಾತಲ್ಲ, ಅದರ ಹೊಸ್ತಿಲು.

ಚಂದ್ರಮೋಹನರು ರೀಲನ್ನು ಅರ್ಧ ಸುತ್ತು ತಿರುಗಿಸಿದರು. "ಹೇಗಿರುದು? ಆಫೀಸಿಗೆ ಹೋಗ್ತಾನೆ. ನಾನು ಮಾಡಿ ಹಾಕಿದ ಸಾರು ಎಷ್ಟು ಕೆಟ್ಟದಾಗಿದ್ರೂ ತಿಂತಾನೆ. ಆದ್ರೆ ಮಲಗುದು ಆ ಸಣ್ಣ ರೂಮಲ್ಲಿ."

"ಯಾವ ರೂಮು?"

"ಅದೇ ಮಾರಾಯ್ರೆ. ಖಾಲಿ ಮಾಡಿದ್ದು. ನೆಲದ ಮೇಲೆ ಒಂದು ಚಾಪೆ ಹಾಕ್ಕೊಂಡು. ಯಾಕೋ ಅಂತ ಕೇಳಿದೆ. ಇಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬರ್ತದೆ ಪಪ್ಪಾ ಅಂದ. ಜನವರಿ ಚಳಿಯಲ್ಲಿ!" ಅವರು ನಗಲು ಹೋದರು, ಅದು ನಗುವಾಗಲಿಲ್ಲ. "ಆ ರೂಮಿಗೆ ನಾನು ಫ್ಯಾನೇ ಹಾಕ್ಸಿಲ್ಲ ಬೀಗರೇ. ಕೊಂಡಿ ಮಾತ್ರ ಇರುದು."

ಈಗ ಹೇಳಬೇಕು, ಈಗಲೇ, ಎಂದುಕೊಂಡರು ಮಲ್ಲಿಕಾರ್ಜುನಯ್ಯ. ಇದಾದ ಮೇಲೆ ಹೇಳುವುದು ಇನ್ನೂ ಕಷ್ಟ. ಬಾಯಿ ತೆರೆದರು. ತೆರೆದ ಬಾಯಿಂದ ಹೊರಟದ್ದು ಹೊಟ್ಟೆಯ ಗುರುಗುಟ್ಟುವ ಸದ್ದು. ಅಂದರೆ ಬಾಯಿ ಸುಮ್ಮನಿತ್ತು, ಹೊಟ್ಟೆಯೇ ಮಾತಾಡಿತು.

"ಅಯ್ಯೋ! ನಿಮ್ಮ ಉಪವಾಸ ಇನ್ನೂ ಬಿಟ್ಟಿಲ್ಲ ಅಲ್ವಾ?" ಚಂದ್ರಮೋಹನರು ಕೋಲನ್ನು ಕವೆಗೋಲಿಗೆ ಒರಗಿಸಿ ಎದ್ದೇಬಿಟ್ಟರು. "ನಿನ್ನೆಯಿಂದ ಏನೂ ತಿಂದಿಲ್ಲ, ಈ ಮುದುಕನ ಮಾತು ಕೇಳಿ ಚಳಿಯಲ್ಲಿ ಬಂದು ಕೂತಿದ್ದೀರಿ. ಬೀಗಿತ್ತಿಗೆ ಗೊತ್ತಾದ್ರೆ ನನ್ನ ಗತಿಯೇನು? ತಗೊಳ್ಳಿ, ಮೀನಿನ ಪಾಲು ನಮಗೇ ಆಯ್ತು."

ಅವರೇ ಕಲ್ಲಿನ ಮೇಲಿಂದ ಡಬ್ಬಿ ತಂದು ಮುಂದೆ ಹಿಡಿದರು. ಮಲ್ಲಿಕಾರ್ಜುನಯ್ಯ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಟೊಪ್ಪಿಗೆ ತೆಗೆದು, ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು, ಬಿಲ್ವದ ಎಲೆಯನ್ನು ಕಣ್ಣಿಗೊತ್ತಿಕೊಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಮೊದಲ ಉಂಡೆಯನ್ನು ಮುರಿದು ಅರ್ಧವನ್ನು ಬೀಗರಿಗೆ ಕೊಟ್ಟರು. ಚಂದ್ರಮೋಹನರು ಇಂಗಿನ ವಾಸನೆಯ ಕೈಯನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿ, ಬಲಗೈಯ ಕೆಳಗೆ ಎಡಗೈ ಇಟ್ಟು ತೆಗೆದುಕೊಂಡರು.

ತುಪ್ಪ ಚಳಿಗೆ ಗಟ್ಟಿಯಾಗಿತ್ತು. ಬಾಯಲ್ಲಿ ಒಂದು ಗಳಿಗೆ ಇಟ್ಟುಕೊಂಡ ಮೇಲೆ ಕರಗಿ, ಬೆಲ್ಲ, ಏಲಕ್ಕಿ, ಕೊಬ್ಬರಿಯ ಸಣ್ಣ ಸಣ್ಣ ಚೂರು ಒಂದೊಂದಾಗಿ ಬಂದವು.

"ಭಾರೀ ಲಾಯ್ಕಾಗಿದೆ," ಎಂದರು ಚಂದ್ರಮೋಹನರು. ಇನ್ನೊಂದು ಉಂಡೆಗೆ ಕೈ ಹಾಕಿ, ಅದನ್ನು ಮುರಿದು, ಬೆಳಕಿಗೆ ಹಿಡಿದು ನೋಡಿದರು. "ಆದ್ರೆ ಹೋದ ವರ್ಷ ಬೀಗಿತ್ತಿ ಕಳಿಸಿದ್ದು ಬೇರೆ ಥರ ಇತ್ತಲ್ಲ? ಕರಿ ಎಳ್ಳು ಇತ್ತು ಅದ್ರಲ್ಲಿ. ಹೌದು, ಎಳ್ಳಿತ್ತು. ನಮ್ಮ ವರುಣ ಮುಟ್ಟಲಿಲ್ಲ, ಇಡೀ ಡಬ್ಬಿ ನಾನೇ ಖಾಲಿ ಮಾಡಿದ್ದು. ಇದ್ರಲ್ಲಿ ಎಳ್ಳೇ ಇಲ್ಲ."

ಮಲ್ಲಿಕಾರ್ಜುನಯ್ಯನವರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

ಎಳ್ಳಿಲ್ಲದ ತಂಬಿಟ್ಟು ಅವರ ಮನೆಯಲ್ಲಿ ಆದದ್ದೇ ಇಲ್ಲ. ನಿನ್ನೆ ಮಧ್ಯಾಹ್ನ ಎಳ್ಳು ಹುರಿದ ಘಮ ಮನೆಯೆಲ್ಲ ತುಂಬಿತ್ತು, ಉಪವಾಸದ ಹೊಟ್ಟೆಗೆ ಅದನ್ನು ತಡೆಯುವುದೇ ಕಷ್ಟವಾಗಿತ್ತು. ಆಮೇಲೆ ಗಗನಾಳ ಕೋಣೆಯ ಬಾಗಿಲು ತೆರೆದ ಸದ್ದು. ಸಂಕ್ರಾಂತಿಯಿಂದ ಈಚೆಗೆ ಅವಳಾಗಿ ಅಡಿಗೆಮನೆಗೆ ಹೋದದ್ದು ಅದೇ ಮೊದಲು. "ಸ್ವಲ್ಪ ಸರೀರಿ ಅಮ್ಮ, ನಾನ್ ಕಟ್ತೀನಿ, ಕೊಡಿ," ಎಂದಳು. ವಸಂತಿ ಏನೋ ಕೇಳಿದಳು. ಮಗಳು ಏನೋ ಸಣ್ಣ ದನಿಯಲ್ಲಿ ಹೇಳಿದಳು. ಆಮೇಲೆ ತಟ್ಟೆಯ ಮೇಲೆ ಉಂಡೆ ಇಡುವ ಸದ್ದು. ಇವತ್ತು ಬೆಳಿಗ್ಗೆ ವಸಂತಿ ಡಬ್ಬಿ ಕೈಗಿಡುವಾಗ, ಯಾರಿಗೂ ಅಲ್ಲವೆಂಬಂತೆ, "ಹುರಿದ ಎಳ್ಳೆಲ್ಲ ಹಾಗೇ ಉಳೀತು," ಎಂದಿದ್ದಳು. ಎಲ್ಲವನ್ನೂ ಕಿವಿ ಕೇಳಿತ್ತು. ಕೇಳಿಯೂ ಏನು ಕೇಳಿದೆನೆಂದು ತಿಳಿದಿರಲಿಲ್ಲ. ನಾಲ್ಕು ಹೆಜ್ಜೆ ಆಚೆಗೆ ಮಗಳು ಬಗ್ಗಿ ಉಂಡೆ ಕಟ್ಟುತ್ತಿದ್ದಾಗ, ಅವಳ ಮಾತನ್ನು ಬೀಗರಿಗೆ ಹೇಗೆ ಹೇಳುವುದೆಂದು ಅವರು ಪಡಸಾಲೆಯಲ್ಲಿ ಕೂತು ಪಾಠ ಒಪ್ಪಿಸುವವರ ಹಾಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು.

"ಏನಾಯ್ತು? ಕೊಬ್ಬರಿ ಗಂಟಲಿಗೆ ಸಿಕ್ಕಿತಾ? ನೀರು ಕೊಡ್ಲಾ?"

"ಬೇಡ." ಮಲ್ಲಿಕಾರ್ಜುನಯ್ಯ ನುಂಗಿದರು. ಮುಂದೆ ಎರಡು ದಾರಿ ಕಂಡವು. ಒಂದು, ಹೇಳದೇ ಇದ್ದುಬಿಡುವುದು. ಇಷ್ಟು ಕಂಡ ಮೇಲೆ ಆ ಮಾತು ಯಾಕೆ, ಮನೆಗೆ ಹೋಗಿ ಮಗಳಿಗೆ ಬುದ್ಧಿ ಹೇಳಿದರಾಯಿತು, ನಿನ್ನ ಮನಸ್ಸು ನನಗೆ ಗೊತ್ತು ಎಂದರಾಯಿತು. ಅದು ಬಹಳ ಸುಲಭದ್ದಾಗಿ ಕಂಡಿತು. ಅಷ್ಟು ಸುಲಭವಾಗಿ ಕಂಡದ್ದಕ್ಕೇ ಅವರಿಗೆ ಹೆದರಿಕೆಯಾಯಿತು. ಅವಳನ್ನು ಕೇಳದೆ, ಅವಳಿಗೆ ನೋವಾಗಬಾರದೆಂದು, ಒಳ್ಳೆಯದಕ್ಕೇ ಎಂದು ಕೋಣೆಯನ್ನು ಖಾಲಿ ಮಾಡಿದವನೂ ಹೀಗೇ ಅಲ್ಲವೇ ಅಂದುಕೊಂಡಿದ್ದು?

"ಬೀಗರೇ, ಕೂತ್ಕೊಳ್ಳಿ," ಎಂದರು. "ನಾನು ಒಂದು ಮಾತು ಹೇಳೋಕೆ ಬಂದಿದೀನಿ. ಗಗನಾ ಹೇಳಿ ಕಳಿಸಿದಾಳೆ."

ಚಂದ್ರಮೋಹನರು ಕೂತರು. ಕೈಯಲ್ಲಿದ್ದ ಅರ್ಧ ಉಂಡೆಯನ್ನು ತಿನ್ನಲಿಲ್ಲ, ಇಡಲೂ ಇಲ್ಲ.

"ಅವಳು ವಾಪಸ್ ಬರೋದಿಲ್ಲವಂತೆ."

ನೀರಿನ ಆಚೆ ಬದಿಯಲ್ಲಿ ಯಾರೋ ಪಂಪು ಶುರುಮಾಡಿದರು. ಅದು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು.

"ಗೊತ್ತಿತ್ತು ನನಗೆ," ಎಂದರು ಚಂದ್ರಮೋಹನರು ಕೊನೆಗೆ. "ಮೀನು ಹಿಡೀಲಿಕ್ಕೆ ನೀವು ಒಪ್ಪಿ ಬಂದ್ರಲ್ಲ, ಆಗಲೇ ಗೊತ್ತಾಯ್ತು. ಮನೆಗೆ ಕರೆದು ಕೇಳುವ ಧೈರ್ಯ ನನಗೂ ಇರ್ಲಿಲ್ಲ. ಅಲ್ಲಿ ಆ ರೂಮಿನ ಬಾಗಿಲು ಎದುರಿಗೇ ಕಾಣ್ತದೆ."

"ಇನ್ನೊಂದಿದೆ. ಅದನ್ನ ಅವಳು ಹೇಳಿ ಕಳಿಸಿದ್ದಲ್ಲ. ನಾನು ಕಂಡದ್ದು. ಈಗ, ನೀವು ಹೇಳಿದ ಮೇಲೆ ಕಂಡದ್ದು." ಅವರು ಡಬ್ಬಿಯ ಕಡೆ ನೋಡಿದರು. "ಇದನ್ನ ನಮ್ಮ ಮನೆಯವಳು ಕಟ್ಟಿದ್ದಲ್ಲ. ಗಗನಾ ಕಟ್ಟಿದ್ದು. ಎಳ್ಳು ಹುರಿದಿಟ್ಟಿತ್ತು. ಹಾಕಿಲ್ಲ."

ಚಂದ್ರಮೋಹನರು ಅಂಗೈಯಲ್ಲಿದ್ದ ಅರ್ಧ ಉಂಡೆಯನ್ನು ನೋಡಿದರು. ಆಮೇಲೆ ಅದನ್ನು ಡಬ್ಬಿಯೊಳಗೆ, ಮುರಿಯದ ಉಂಡೆಗಳ ಪಕ್ಕದಲ್ಲಿ ಇಟ್ಟು ಮುಚ್ಚಳ ಒತ್ತಿದರು. ಕನ್ನಡಕ ತೆಗೆದು ಮಫ್ಲರಿನ ತುದಿಯಿಂದ ಒರೆಸಿಕೊಂಡರು. ಕನ್ನಡಕದಲ್ಲಿ ಮಂಜಿತ್ತೋ ಏನೋ.

"ಅವನಿಗೆ ನಾನು ಏನಂತ ಹೇಳ್ಲಿ? ಎರಡ್ರಲ್ಲಿ ಯಾವುದು ಹೇಳ್ಲಿ?"

"ಎರಡೂ ಹೇಳಿ. ಒಂದನ್ನೇ ಹೇಳಬೇಡಿ. ಯಾವುದನ್ನೂ ದೊಡ್ಡದು ಮಾಡಬೇಡಿ." ಇಷ್ಟು ಮಾತು ಒಟ್ಟಿಗೆ ಆಡಿದ್ದಕ್ಕೆ ಮಲ್ಲಿಕಾರ್ಜುನಯ್ಯನವರಿಗೇ ಆಶ್ಚರ್ಯವಾಯಿತು. "ನಾನೂ ಮನೆಗೆ ಹೋಗಿ ಚಾಪೆಯ ವಿಷಯ ಹೇಳ್ತೀನಿ. ಫ್ಯಾನಿನದ್ದೂ. ನೀವು ಹೇಳಿದ ಹಾಗೇ."

"ಅವಳು ಏನಂತಾಳೋ."

"ಏನಾದರೂ ಅನ್ನಲಿ. ಅನ್ನದೇ ಇರಲಿ. ಅದು ಅವಳದ್ದು."

ಅಷ್ಟರಲ್ಲಿ ಅವರ ಬೆರಳಿಗೆ ಏನೋ ತಿಳಿಯಿತು. ಮಾತಿನ ನಡುವೆ ಬೆರಳು ತಾನಾಗಿ ಮತ್ತೆ ದಾರದ ಮೇಲೆ ಹೋಗಿ ಕೂತಿತ್ತೆಂಬುದು ಆಗಲೇ ಅವರಿಗೆ ಗೊತ್ತಾದದ್ದು. ಎಳೆತವಲ್ಲ ಅದು. ಬೆಂಡು ಅಲುಗಲೂ ಇಲ್ಲ. ದಾರ ಒಮ್ಮೆ ಉಸಿರೆಳೆದುಕೊಂಡಂತೆ ಸಡಿಲಾಯಿತು, ಅಷ್ಟೇ. ಮುಂದಿನ ಪದ್ಯಕ್ಕೆ ಮುಂಚಿನ ಆ ಗಳಿಗೆ.

"ಬಂತು," ಎಂದರು ಪಿಸುದನಿಯಲ್ಲಿ.

"ಎಲ್ಲಿ? ಬೆಂಡು ಹಾಗೇ ಉಂಟಲ್ಲ."

"ಬಂತು ಬೀಗರೇ."

ಕೋಲೆತ್ತಿದರು. ಎತ್ತಿದ್ದೇ ತಡ, ಅಡಿಯಲ್ಲಿ ಮಲಗಿದ್ದ ಭಾರವೊಂದು ಎಚ್ಚರಾಯಿತು. ಕೋಲು ಬಿಲ್ಲಾಗಿ ಬಾಗಿ, ರೀಲು ಕಿರ್ರೆಂದು ಕೂಗಿಕೊಂಡಿತು. ಚಂದ್ರಮೋಹನರು ಕುರ್ಚಿ ಬೀಳಿಸಿಕೊಂಡು ಎದ್ದರು.

"ಎಳೀಬೇಡಿ, ಎಳೀಬೇಡಿ ಮಾರಾಯ್ರೆ! ಬಿಡಿ ದಾರ! ಹೋಗ್ಲಿ, ಹೋಗ್ಲಿ ಅದು. ಈಗ ಸುತ್ತಿ. ಮೆಲ್ಲ! ಆಫೀಸಿನ ಫೈಲಾ ಅದು, ಅಷ್ಟು ಗಟ್ಟಿ ಹಿಡ್ಕೊಳ್ಳಿಕ್ಕೆ?"

"ನೀವು ಕೂಗಬೇಡಿ, ನನಗೆ ಕೈ ನಡುಗತ್ತೆ!"

"ಕೂಗದಿದ್ರೆ ನಿಮಗೆ ಕೇಳುದಿಲ್ಲ!"

"ನನಗೆ ಎಲ್ಲ ಕೇಳತ್ತೆ!"

ಇಬ್ಬರು ಮುದುಕರ ಗಲಾಟೆಗೆ ಪಂಪಿನ ಮನುಷ್ಯ ಆಚೆ ದಡದಲ್ಲಿ ಬಂದು ನಿಂತು ನೋಡತೊಡಗಿದ. ಮೀನು ಹೆಚ್ಚು ಕಾದಾಡಲಿಲ್ಲ. ಚಳಿಗೆ ಅದಕ್ಕೂ ಅಷ್ಟು ಶಕ್ತಿಯಿರಲಿಲ್ಲ. ಎರಡು ಸಲ ನಡುನೀರಿಗೆ ಹೋಗಿ, ಮೂರನೆಯ ಸಲ ಅರ್ಧಕ್ಕೇ ತಿರುಗಿ, ದಡದ ಹತ್ತಿರ ಬಂದು ಮಗ್ಗುಲಾಯಿತು. ಮೊಳಕೈಯುದ್ದದ ರೋಹು. ಬೆನ್ನು ಕಪ್ಪು, ಹೊಟ್ಟೆಯ ಕಡೆ ತಾಮ್ರದ ಬಣ್ಣ.

ಚಂದ್ರಮೋಹನರು ಬಗ್ಗಿ, ನೀರಿನಿಂದ ಹೊರಗೆ ತೆಗೆಯದೆಯೇ, ಎರಡು ಬೆರಳಿನಲ್ಲಿ ಗಾಳವನ್ನು ಬಿಡಿಸಿದರು. ಅದು ಎಷ್ಟು ಬೇಗ ಬಂತೆಂದರೆ ಮಲ್ಲಿಕಾರ್ಜುನಯ್ಯನವರಿಗೆ ಕಾಣಲೇ ಇಲ್ಲ.

"ಬಿಟ್ಟಾಯ್ತಲ್ಲ, ಇನ್ನು ಹೋಗತ್ತಾ?"

"ಹೋಗುದಿಲ್ಲ ಈಗಲೇ. ಬಳಲಿದೆ. ಹೀಗೇ ಬಿಟ್ರೆ ಮಗುಚಿ ಬೀಳ್ತದೆ. ಬನ್ನಿ, ನೀವೇ ಹಿಡೀರಿ. ನೀವು ಹಿಡಿದದ್ದು."

ಮಲ್ಲಿಕಾರ್ಜುನಯ್ಯ ಸ್ವೆಟರಿನ ತೋಳು ಮೇಲೆಳೆದುಕೊಂಡು ದಡದ ಮಣ್ಣಿನಲ್ಲಿ ಮೊಣಕಾಲೂರಿದರು. ನೀರು ಮಣಿಕಟ್ಟಿನವರೆಗೆ ಕಡಿಯಿತು. ಮೀನಿನ ಹೊಟ್ಟೆಯ ಕೆಳಗೆ ಎರಡೂ ಅಂಗೈಯಿಟ್ಟರು. ಮೀನನ್ನು ಅವರು ಮುಟ್ಟುತ್ತಿದ್ದದ್ದು ಅದೇ ಮೊದಲ ಸಲ. ಜಾರುತ್ತದೆಂದು, ಅಸಹ್ಯವಾಗುತ್ತದೆಂದು ಅಂದುಕೊಂಡಿದ್ದರು. ತಣ್ಣಗೆ, ಬಿಗಿಯಾಗಿ, ಜೀವವಿರುವ ಯಾವುದೋ ಒಂದು ಎಂದಷ್ಟೇ ಅನ್ನಿಸಿತು.

"ಹೀಗೆ ಮುಂದಕ್ಕೆ ತಳ್ಳಲೇ?"

"ತಳ್ಳಬಾರದು. ಎಳೀಲೂಬಾರದು. ಮಗುಚದ ಹಾಗೆ ಕೆಳಗಿಂದ ಆತುಕೊಂಡಿರಿ, ಬೆರಳು ಬಿಚ್ಚಿ. ಅದಕ್ಕೆ ಯಾವಾಗ ಹೋಗ್ಬೇಕು ಅನ್ನಿಸ್ತದೋ ಆವಾಗ ಹೋಗ್ತದೆ. ಕೆಲವು ತುಂಬ ಹೊತ್ತು ಮಾಡ್ತವೆ."

ಚಂದ್ರಮೋಹನರು ಹಿಂದಕ್ಕೆ ಸರಿದು, ಬಿದ್ದ ಕುರ್ಚಿಯನ್ನು ಎತ್ತಿಟ್ಟು, ಸ್ಟೀಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಪಂಪಿನ ಮನುಷ್ಯ ಒಳಗೆ ಹೋದ. ಮಲ್ಲಿಕಾರ್ಜುನಯ್ಯನವರ ಜೇಬಿನಲ್ಲಿ ಫೋನು ನಡುಗತೊಡಗಿತು. ಯಾರೆಂದು ನೋಡಬೇಕಾಗಿರಲಿಲ್ಲ. ಹೇಳಿದ್ರಾ ಅಪ್ಪ ಎಂದು ಕೇಳಲು ಈ ಹೊತ್ತಿಗೆ ಫೋನು ಮಾಡುತ್ತೇನೆಂದು ಅವಳು ಹೇಳಿಯೇ ಇದ್ದಳು. ಅದು ನಡುಗಿ ನಡುಗಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಅವರ ಎರಡೂ ಕೈ ನೀರಿನಲ್ಲಿದ್ದವು. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು. ಕಿವಿಯ ಮೇಲಿದ್ದ ಬಿಲ್ವದ ಎಲೆ ಜಾರಿ ನೀರಿಗೆ ಬಿದ್ದು, ಅವರ ಮಣಿಕಟ್ಟಿಗೊಮ್ಮೆ ತಾಗಿ, ಆಚೆಗೆ ತೇಲಿತು. ಬಿಸಿಲು ಅಡಿಯ ಕೆಸರಿನವರೆಗೂ ಇಳಿದಿತ್ತು. ಬಿಚ್ಚಿದ ಅಂಗೈಗಳ ಮೇಲೆ ಮೀನು ಹಾಗೇ ನಿಂತಿತ್ತು, ಕಿವಿರು ಮೆಲ್ಲಗೆ ತೆರೆಯುತ್ತ, ಮುಚ್ಚುತ್ತ, ಮತ್ತೆ ತೆರೆಯುತ್ತ.